ಕಲರ್ ಆಮೇಲೆ, ಮೊದಲು ಪಾತ್ರೆ ತೋರಿಸಿ

ಮೈಸೂರಿನಲ್ಲಿ ಮನೆಗಳ ಇಂಟೀರಿಯರ್ ಕೆಲಸ ನನ್ನದು. ಅದರಲ್ಲೂ ಅಡುಗೆಮನೆಯೇ ಜಾಸ್ತಿ. ಹೊಸ ಮನೆ ಕಟ್ಟಿಸುವವರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಟೈಲ್ಸ್ ಅಂಟಿಸಿ, ಗ್ರಾನೈಟ್ ಕೂರಿಸಿ ಆದ ಮೇಲೆ. "ಮೇಡಂ, ಗೃಹಪ್ರವೇಶಕ್ಕೆ ದಿನ ಇಟ್ಟಾಗಿದೆ, ಬೇಗ ಕಿಚನ್ ಮಾಡಿಕೊಡಿ" ಅಂತಾರೆ. ಮೊಬೈಲಿನಲ್ಲಿ ಹತ್ತಾರು ಫೋಟೋ ಇರುತ್ತವೆ. ಬೂದು ಬಣ್ಣ, ಹಿಡಿಕೆ ಇಲ್ಲದ ಬಾಗಿಲು, ಮಧ್ಯದಲ್ಲೊಂದು ಐಲ್ಯಾಂಡ್, ಅಂದರೆ ಗೋಡೆಗೆ ತಾಗದ ಒಂಟಿ ಕಟ್ಟೆ. ಆ ಹೊತ್ತಿಗೆ ನನಗೆ ಉಳಿದಿರುವುದು ಬಾಗಿಲು ಹಾಕುವ ಕೆಲಸ ಅಷ್ಟೇ. ಅಡುಗೆಮನೆ ಹೇಗಿರಬೇಕು ಅನ್ನೋದನ್ನು ಪ್ಲಂಬರ್, ಎಲೆಕ್ಟ್ರಿಷಿಯನ್ ಇಬ್ಬರೂ ಸೇರಿ ಆಗಲೇ ತೀರ್ಮಾನ ಮಾಡಿ ಹೋಗಿರುತ್ತಾರೆ.

ಅದಕ್ಕೇ ಈಗ ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ. ಗೋಡೆ ಎದ್ದ ಮೇಲೆ, ಪ್ಲಾಸ್ಟರ್ ಆಗುವ ಮೊದಲು ಕರೆಯಿರಿ. ಇನ್ನೊಂದು, ಮೊದಲ ಸಲ ಸೈಟಿಗೆ ಬರುವುದಿಲ್ಲ. ಈಗ ಇರುವ ಮನೆಗೆ ಬರುತ್ತೇನೆ, ಅದೂ ಅಡುಗೆ ಹೊತ್ತಿಗೆ.

ಹೋದವಳೇ ಪಾತ್ರೆ ತೋರಿಸಿ ಅಂತ ಕೇಳುತ್ತೇನೆ. ಸ್ವಲ್ಪ ಮುಜುಗರ ಆಗುತ್ತದೆ ಅವರಿಗೆ, ಗೊತ್ತು. ಆದರೆ ಇಡ್ಲಿ ಪಾತ್ರೆ ಎಷ್ಟು ಎತ್ತರ, ದೋಸೆ ಕಾವಲಿಯ ಹಿಡಿ ಎಷ್ಟು ಉದ್ದ, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ತಪ್ಪಲೆ ಎಲ್ಲಿದೆ, ಇವೆಲ್ಲ ಗೊತ್ತಿಲ್ಲದೆ ಡ್ರಾಯರ್ ಅಳತೆ ಹಾಕಿದರೆ ಆ ಪಾತ್ರೆಗಳೆಲ್ಲ ಕೊನೆಗೆ ಯುಟಿಲಿಟಿಯ (ಅಡುಗೆಮನೆಗೆ ಅಂಟಿದ ಪಾತ್ರೆ-ಬಟ್ಟೆ ತೊಳೆಯುವ ಜಾಗ) ನೆಲಕ್ಕೆ ಬರುತ್ತವೆ. ಅಕ್ಕಿ ಮೂಟೆಯದೂ ಅದೇ ಕಥೆ. 2022ರಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ 5% ಜಿಎಸ್‌ಟಿ ಬಂತಲ್ಲ, ಆಮೇಲೆ ಅಂಗಡಿಗಳಲ್ಲಿ 26 ಕೆಜಿ ಮೂಟೆ ಕಾಣಿಸಿಕೊಂಡಿತು. ಅದನ್ನು ಎತ್ತಿ ಶೆಲ್ಫಿನಲ್ಲಿ ಇಡುವವರು ಯಾರು? ಕೆಳಗೆ ಬಾಗಿಲಿಲ್ಲದ ಒಂದು ಗೂಡು, ಹಿಂದೆ ಸ್ವಲ್ಪ ಗಾಳಿ ಆಡುವ ಜಾಗ, ಸಾಕು. ಯಾವ ಕ್ಯಾಟಲಾಗಿನಲ್ಲೂ ಈ ಗೂಡಿನ ಫೋಟೋ ನಾನು ನೋಡಿಲ್ಲ.

ನನಗೆ ಈ ಪಾಠ ಗಟ್ಟಿಯಾಗಿ ಕೂತದ್ದು ಮಂಡ್ಯ ಕಡೆಯ ಒಂದು ಮನೆಯಲ್ಲಿ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ರಾತ್ರಿ ಅಡುಗೆ ಅತ್ತೆಯದು, ಮುದ್ದೆ ಇಲ್ಲದೆ ಊಟವಿಲ್ಲ. ಅವರ ಎತ್ತರ ಐದಡಿ ಇದ್ದರೆ ಹೆಚ್ಚು. ಹೊಸ ಮನೆಯ ಕಟ್ಟೆಗೆ 34 ಇಂಚು ಅಂತ ಕಂಟ್ರಾಕ್ಟರ್ ಆಗಲೇ ಬರೆದುಕೊಂಡಿದ್ದರು. ಎಲ್ಲರ ಮನೆಗೂ ಅದೇ ಅಳತೆ, ಅಲ್ವಾ? ಹಳೇ ಮನೆಯಲ್ಲಿ ಆ ಅತ್ತೆಯಮ್ಮ ಮುದ್ದೆ ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿದರು. ಅದನ್ನು ಕವೆಗೋಲಿನ (ಪಾತ್ರೆ ಅಲ್ಲಾಡದ ಹಾಗೆ ಹಿಡಿಯುವ ಕವಲು ಕೋಲು) ನಡುವೆ ಸಿಕ್ಕಿಸಿ, ಕವೆಗೋಲಿನ ಮೇಲೆ ಪಾದ ಒತ್ತಿ, ಎರಡೂ ಕೈಯಲ್ಲಿ ಮುದ್ದೆಕೋಲು ಹಿಡಿದು ತಿರುವಿದರು. ಮೈಭಾರವೆಲ್ಲ ಕೋಲಿನ ಮೇಲೆ.

"ನಿಂತ್ಕೊಂಡು ಮಾಡೋಕಾಗಲ್ವಾ ಅಮ್ಮ?" ಅಂದೆ.

"ಆಯ್ತದೆ ಕಣವ್ವ. ಆದ್ರೆ ಅಷ್ಟೆತ್ರದಲ್ಲಿ ಕೈಗೆ ಬಲ ಸಿಕ್ಕಲ್ಲ, ಗಂಟಾಯ್ತದೆ."

ಲೆಕ್ಕ ಹಾಕಿ ನೋಡಿ. 34 ಇಂಚಿನ ಕಟ್ಟೆ, ಮೇಲೆ ಸುಮಾರು 5 ಇಂಚಿನ ಸ್ಟವ್, ಅದರ ಮೇಲೆ 8 ಇಂಚಿನ ಪಾತ್ರೆ. ಪಾತ್ರೆಯ ಬಾಯಿ 47 ಇಂಚಿಗೆ ಬಂತು. ಐದಡಿ ಹೆಂಗಸಿಗೆ ಅದು ಹೆಚ್ಚುಕಮ್ಮಿ ಭುಜದ ಮಟ್ಟ. ಭುಜದ ಮಟ್ಟದಲ್ಲಿ ಕೋಲು ಒತ್ತುವುದು ಹೇಗೆ? ಸಾಮಾನ್ಯ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗಿರಬೇಕು ಅನ್ನೋದು ನಮ್ಮ ಕಡೆಯ ನಿಯಮ. ಒತ್ತಿ ಮಾಡುವ ಕೆಲಸಕ್ಕೆ ಇನ್ನೂ ಕೆಳಗೆ ಬೇಕು. ಮುದ್ದೆಗೂ ಹಾಗೇ, ಚಪಾತಿ ಹಿಟ್ಟು ನಾದುವುದಕ್ಕೂ ಹಾಗೇ.

ಆ ಮನೆಯಲ್ಲಿ ಕಟ್ಟೆಯನ್ನು ಎರಡು ಮಟ್ಟ ಮಾಡಿದೆವು. ಸ್ಟವ್ ಇರುವ ಭಾಗ, ಅದರ ಪಕ್ಕದಲ್ಲಿ ಎರಡಡಿ ಖಾಲಿ ಜಾಗ, ಇಷ್ಟು 28 ಇಂಚಿಗೆ. ಉಳಿದದ್ದೆಲ್ಲ 33. ಪಾತ್ರೆ ಇಳಿಸಿ ಪಕ್ಕದಲ್ಲೇ ತಿರುವಬಹುದು, ಮೊಣಕಾಲು ಮಡಿಸಿ ನೆಲಕ್ಕೆ ಕೂರಬೇಕಾಗಿಲ್ಲ. ಕವೆಗೋಲಿಗೆ ಗೋಡೆಯ ಕಡೆ ಒಂದು ತಡೆ ಕೊಟ್ಟರು ನಮ್ಮ ಗ್ರಾನೈಟ್ ಮೇಸ್ತ್ರಿ. ಅದು ಅವರದೇ ಐಡಿಯಾ.

ಕಟ್ಟೆ ಇಳಿಸಿದ ಕೂಡಲೇ ಸಿಲಿಂಡರಿನ ಪ್ರಶ್ನೆ ಬಂತು. 14.2 ಕೆಜಿ ಸಿಲಿಂಡರ್ ಸುಮಾರು 25 ಇಂಚು ಎತ್ತರ. ರೆಗ್ಯುಲೇಟರ್ ಹಾಕಿ, ಪೈಪು ಮುರಿಯದ ಹಾಗೆ ಬಗ್ಗಲು ಇನ್ನೂ ಮೂರ್ನಾಲ್ಕು ಇಂಚು ಬೇಕು. 28 ಇಂಚಿನ ಕಟ್ಟೆಯಲ್ಲಿ ಕಲ್ಲಿನ ದಪ್ಪ ಕಳೆದರೆ ಅದು ಕೂರುವುದಿಲ್ಲ. ಹಾಗಾಗಿ ಸಿಲಿಂಡರ್ ಯುಟಿಲಿಟಿಗೆ ಹೋಯಿತು, ಅಲ್ಲಿಂದ ಒಳಗೆ ತಾಮ್ರದ ಪೈಪು. ಇದಕ್ಕೆ ಗೋಡೆಯಲ್ಲಿ ತೂತು ಬೇಕು, ಅದು ಟೈಲ್ಸ್‌ಗಿಂತ ಮುಂಚೆ ಆಗಬೇಕು. ಕೆಲವರು ಕಟ್ಟೆ ಕೆಳಗೇ ಸಿಲಿಂಡರ್ ಇಟ್ಟು ಸುತ್ತ ಬಿಗಿಯಾಗಿ ಬಾಗಿಲು ಕೇಳುತ್ತಾರೆ, ನೋಡೋಕೆ ಚೆಂದ ಅಂತ. ನಾನು ಮಾಡಿಕೊಡುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಬಾಗಿಲಿನ ತಳದಲ್ಲಿ ಜಾಲರಿ ಇರಲೇಬೇಕು. ಇಷ್ಟವಿಲ್ಲದವರು ಬೇರೆಯವರ ಹತ್ತಿರ ಮಾಡಿಸಿಕೊಳ್ಳಲಿ.

ವಾಸ್ತು ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ಮೊದಲೇ ಹೇಳಿಬಿಡಬೇಕು. ಆಗ್ನೇಯದಲ್ಲಿ ಒಲೆ, ಪೂರ್ವಕ್ಕೆ ಮುಖ ಅಂತ ನಿಂತರೆ ಚಿಮಣಿಯ ಜಾಗವೂ ಅಲ್ಲೇ ನಿಂತಿತು. ಚಿಮಣಿ ಡಕ್ಟಿಗೆ, ಅಂದರೆ ಹೊಗೆ ಹೊರಹೋಗುವ ಕೊಳವೆಗೆ, ಆರಿಂಚಿನ ತೂತು ಬೇಕು. ಕಿಟಕಿ ಮೇಲೆ ಲಿಂಟೆಲ್, ಅದರ ಮೇಲೆ ಬೀಮ್. ಬೀಮ್ ಕೊರೆಯುವ ಹಾಗಿಲ್ಲ. ಆಗ ಡಕ್ಟ್ ಮೂಲೆ ಸುತ್ತಿಕೊಂಡು ಹೋಗುತ್ತದೆ, ಒಂದೊಂದು ತಿರುವಿಗೂ ಎಳೆತ ಕಮ್ಮಿಯಾಗುತ್ತದೆ. ಒಗ್ಗರಣೆ ಘಾಟು ನಡುಮನೆಗೆ ಬರುತ್ತದೆ ಅಂತ ಚಿಮಣಿ ಕಂಪನಿಯವರನ್ನು ಬೈಯುತ್ತಾರೆ. ಪಾಪ, ಅವರೇನು ಮಾಡುತ್ತಾರೆ? ಪ್ಲಾಸ್ಟರ್‌ಗೆ ಮುಂಚೆಯೇ ಗೋಡೆಯಲ್ಲೊಂದು ಪೈಪ್ ತುಂಡು ಕೂರಿಸಿದ್ದರೆ ಮುಗಿಯುತ್ತಿತ್ತು.

ಕರೆಂಟ್ ಪಾಯಿಂಟ್ ವಿಷಯದಲ್ಲಿ ಎಲ್ಲರೂ ಜಿಪುಣರು. ಮಿಕ್ಸಿಗೆ ಒಂದು, ಫ್ರಿಜ್ಜಿಗೆ ಒಂದು, ಮುಗೀತು. ಗ್ರೈಂಡರ್, ವಾಟರ್ ಫಿಲ್ಟರ್, ಓವನ್, ಚಿಮಣಿ, ನಾಳೆ ಪಾತ್ರೆ ತೊಳೆಯುವ ಮೆಷಿನ್? ಓವನ್, ಇಂಡಕ್ಷನ್, ಡಿಶ್‌ವಾಶರ್ ಮೂರಕ್ಕೂ 16 ಆಂಪ್ ಪಾಯಿಂಟ್ ಬೇಕು, ಬೇರೆ ಬೇರೆ ವೈರಿನಲ್ಲಿ. ಡಿಶ್‌ವಾಶರ್ ಈಗ ತಗೊಳ್ಳಲ್ಲ ಅಂದರೂ ಸಿಂಕ್ ಪಕ್ಕ ಎರಡಡಿ ಜಾಗ, ನೀರಿನ ಲೈನು, ಹೊರಹೋಗುವ ಪೈಪು ಬಿಟ್ಟಿರಿ ಅನ್ನುತ್ತೇನೆ. ಆಮೇಲೆ ಟೈಲ್ಸ್ ಒಡೆಯುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ.

ಓದುವಾಗ ನಮಗೆ ತ್ರಿಕೋನ ಹೇಳಿಕೊಟ್ಟಿದ್ದರು. ಫ್ರಿಜ್, ಸಿಂಕ್, ಸ್ಟವ್ ಅದರ ಮೂರು ಮೂಲೆಗಳು. ಒಂದೊಂದು ಬದಿ ನಾಲ್ಕರಿಂದ ಒಂಬತ್ತು ಅಡಿ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಲೆಕ್ಕ ಅದು. ಒಬ್ಬರೇ ಅಡುಗೆ ಮಾಡುವ ಮನೆಗೆ ಈಗಲೂ ಸರಿ. ನಮ್ಮಲ್ಲಿ ಬೆಳಗ್ಗೆ ಏಳಕ್ಕೆ ಒಬ್ಬರು ಚಟ್ನಿ ರುಬ್ಬುತ್ತಿರುತ್ತಾರೆ, ಇನ್ನೊಬ್ಬರು ಡಬ್ಬಿ ಕಟ್ಟುತ್ತಿರುತ್ತಾರೆ, ಮಧ್ಯೆ ಯಾರೋ ಕಾಫಿಗೆ ಬರುತ್ತಾರೆ. ಫ್ರಿಜ್ ಎಷ್ಟೋ ಮನೆಗಳಲ್ಲಿ ಹೊರಗೆ ಊಟದ ಮೇಜಿನ ಪಕ್ಕ. ನಾನು ಮೊದಲು ಗುರುತು ಹಾಕುವುದು ಮಿಕ್ಸಿಯ ಜಾಗ. ಸಿಂಕಿಗೂ ಸ್ಟವ್‌ಗೂ ನಡುವೆ ಕನಿಷ್ಠ ಎರಡೂವರೆ ಅಡಿ ಕಟ್ಟೆ ಬಿಟ್ಟು ಅಲ್ಲೇ ಮಿಕ್ಸಿ. ಎದುರುಬದುರು ಕಟ್ಟೆ ಇದ್ದರೆ ನಡುವೆ ನಾಲ್ಕಡಿ. ಅದಕ್ಕಿಂತ ಕಮ್ಮಿಯಾದರೆ ಒಬ್ಬರು ಡ್ರಾಯರ್ ಎಳೆದಾಗ ಇನ್ನೊಬ್ಬರು ಹೊರಗೆ ಹೋಗಬೇಕು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಂಕ್ ಕೆಳಗಿನ ಕ್ಯಾಬಿನೆಟ್ಟಿಗೆ ನೀರು ತಡೆಯುವ, ಐಎಸ್ 710 ಮುದ್ರೆ ಇರುವ ಪ್ಲೈವುಡ್ಡೇ ಇರಲಿ, ಅಲ್ಲಿ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ. ಸ್ಟೀಲ್ ಬುಟ್ಟಿ ಬೇಗ ತುಕ್ಕು ಹಿಡಿಯದ 304 ಗ್ರೇಡಾ ಅಂತ ಅಯಸ್ಕಾಂತ ಹಿಡಿದು ನೋಡುವವರಿದ್ದಾರೆ. ಸಾಮಾನ್ಯವಾಗಿ ಅಗ್ಗದ 202 ಗ್ರೇಡಿಗೂ ಅದು ಅಂಟುವುದಿಲ್ಲ, ಹಾಗಾಗಿ ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಕಟ್ಟೆಗೆ ಬಿಳಿ ಕ್ವಾರ್ಟ್ಜ್ ಕಲ್ಲು ಕೇಳಿದವರಿಗೆ ಒಂದು ತುಂಡು ಕೊಟ್ಟು, ಅದರ ಮೇಲೆ ಅರಿಶಿನ ಕಲಸಿ ಒಂದು ರಾತ್ರಿ ಬಿಡಿ ಅನ್ನುತ್ತೇನೆ. ಬೆಳಗ್ಗೆ ಅವರೇ ಫೋನ್ ಮಾಡಿ ಕಪ್ಪು ಗ್ರಾನೈಟ್ ಹಾಕಿ ಅಂತಾರೆ.

ಕೊನೆಗೊಂದು ಕೆಲಸ, ದುಡ್ಡು ಖರ್ಚಿಲ್ಲದ್ದು. ಪೈಪು, ವೈರು ಎಲ್ಲ ಕೂರಿಸಿ ಪ್ಲಾಸ್ಟರ್ ಶುರುವಾಗುವ ಹಿಂದಿನ ದಿನ ಪ್ರತಿ ಗೋಡೆಗೂ ಟೇಪ್ ಹಿಡಿದು, ಅಳತೆ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಮೇಲಿನ ಕ್ಯಾಬಿನೆಟ್ ಕೂರಿಸುವ ದಿನ ಕಾರ್ಪೆಂಟರ್ ಡ್ರಿಲ್ ಎತ್ತುವ ಮೊದಲು ಆ ಫೋಟೋಗಳನ್ನು ಅವರಿಗೆ ವಾಟ್ಸಾಪ್ ಮಾಡಿ.