ಗಾಳಿ ಜೋರಿತ್ತು ಅಂದರೆ ಎಷ್ಟು ನಾಟ್?

ಪಣಂಬೂರಿನ ಹಡಗು ಏಜೆನ್ಸಿಗಳಿಗೆ ಹೊಸದಾಗಿ ಸೇರಿದವರು ಮಳೆಗಾಲದಲ್ಲಿ ಎಡವುವುದು, ಹಡಗು ಬಂದರಿನಲ್ಲಿದ್ದಾಗ ನಡೆದದ್ದನ್ನು ಸಮಯದ ಸಮೇತ ದಾಖಲಿಸುವ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್‌ನಲ್ಲಿ ಗಾಳಿಯ ಬಗ್ಗೆ ಬರೆಯುವಾಗ. ‘ಹೆವಿ ವಿಂಡ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹೆವಿ ಮಳೆಗೆ ಸರಿ, ಗಾಳಿಗೆ ಸ್ಟ್ರಾಂಗ್. ಅದನ್ನೂ ಒಂಟಿಯಾಗಿ ಬಿಟ್ಟರೆ ಡೆಮರೇಜ್ (ಹಡಗು ತಡವಾದದ್ದಕ್ಕೆ ಕೊಡಬೇಕಾದ ಹಣ) ಲೆಕ್ಕ ಹಾಕುವಾಗ ಎರಡೂ ಕಡೆಯವರು ತಮಗೆ ಬೇಕಾದ ಅರ್ಥ ಹಚ್ಚುತ್ತಾರೆ.

ಕಡಲಿನ ಇಂಗ್ಲಿಷಿನಲ್ಲಿ ಈ ಪದಗಳಿಗೆಲ್ಲ, ಗಾಳಿಯ ಬಲವನ್ನು ‘ಫೋರ್ಸ್’ ಅಂಕಿಗಳಲ್ಲಿ ಹೇಳುವ ಬೋಫರ್ಟ್ ಮಾಪಕದಲ್ಲಿ ಗಡಿ ಗೊತ್ತುಮಾಡಿದೆ. ಬ್ರೀಜ್ ಅಂದರೆ ತಂಗಾಳಿ ಎಂದುಕೊಂಡವರೇ ಹೆಚ್ಚು. ಮಾಡರೇಟ್ ಬ್ರೀಜ್ 11ರಿಂದ 16 ನಾಟ್ (ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್), ಫ್ರೆಶ್ ಬ್ರೀಜ್ 17ರಿಂದ 21. ಸ್ಟ್ರಾಂಗ್ ಬ್ರೀಜ್, ಅಂದರೆ ಫೋರ್ಸ್ 6, 22ರಿಂದ 27. ಅಷ್ಟರಲ್ಲಿ ಕೊಡೆ ಹಿಡಿಯುವುದೇ ಕಷ್ಟ, ಹೊರಗಿನ ಕಡಲಲ್ಲಿ ದೊಡ್ಡ ಅಲೆಗಳು ಏಳತೊಡಗಿ ಎಲ್ಲೆಡೆ ಬಿಳಿನೊರೆ ಕಾಣುತ್ತದೆ. 28ರಿಂದ 33 ನಿಯರ್ ಗೇಲ್: ಒಡೆದ ಅಲೆಯ ನೊರೆ ಗಾಳಿಯ ದಿಕ್ಕಿಗೆ ಪಟ್ಟೆ ಪಟ್ಟೆಯಾಗಿ ಎಳೆದುಕೊಂಡು ಹೋಗುತ್ತದೆ. ಗೇಲ್ ಶುರುವಾಗುವುದು 34ಕ್ಕೆ, ಸ್ಟಾರ್ಮ್ 48ಕ್ಕೆ. ಹವಾಮಾನ ಇಲಾಖೆಯ ‘ಸೈಕ್ಲೋನಿಕ್ ಸ್ಟಾರ್ಮ್’ ಮಾತ್ರ 34ಕ್ಕೇ ಆರಂಭ. ಅದು ಚಂಡಮಾರುತದ ದರ್ಜೆ. ಆ ಸ್ಟಾರ್ಮನ್ನು ಲಾಗ್ ಬುಕ್ಕಿಗೆ ತರಬೇಡಿ.

ಮೀನುಗಾರರಿಗೆ ಕೊಡುವ ಎಚ್ಚರಿಕೆ ಗಂಟೆಗೆ ಕಿಲೋಮೀಟರ್‌ನಲ್ಲಿ ಇರುತ್ತದೆ. 1.852ರಿಂದ ಭಾಗಿಸಿ. ‘45–55, ಗಸ್ಟಿಂಗ್ ಟು 65’ ಅಂದರೆ ಸುಮಾರು 24–30 ನಾಟ್, ಗಸ್ಟ್ (ಒಮ್ಮೆಲೇ ಬೀಸುವ ರಭಸ) 35. ಗಸ್ಟ್ 34 ದಾಟಿತೆಂದು ಗೇಲ್ ಎಂದು ಬರೆಯುವುದು ತೀರಾ ಸಾಮಾನ್ಯವಾದ ತಪ್ಪು. ಬೋಫರ್ಟ್ ಅಂಕಿ ಹತ್ತು ನಿಮಿಷದ ಸರಾಸರಿಗೆ. ಗಸ್ಟ್ ಕೆಲವೇ ಸೆಕೆಂಡಿನದು. ಹಾಗಾಗಿ ಇದು ಸ್ಟ್ರಾಂಗ್ ಬ್ರೀಜ್‌ನಿಂದ ನಿಯರ್ ಗೇಲ್‌ವರೆಗೆ, ಅಷ್ಟೇ. ಮುನ್ಸೂಚನೆಯ ಅಂಕಿಯನ್ನೇ ಬರ್ತಿನಲ್ಲಿ (ಹಡಗು ಕಟ್ಟಿದ ಕಡೆ) ಬೀಸಿದ ಗಾಳಿ ಎಂದು ಬರೆಯುವುದಂತೂ ಕೂಡದು.

ಸ್ಕ್ವಾಲ್ ಬೇರೆ. ಗಾಳಿ ಒಮ್ಮೆಲೇ ಕನಿಷ್ಠ 16 ನಾಟ್ ಏರಿ, 22 ಮುಟ್ಟಿ, ಒಂದು ನಿಮಿಷವಾದರೂ ನಿಲ್ಲಬೇಕು. ಮಳೆ ರಪ್ಪನೆ ಬಡಿದ ಮಾತ್ರಕ್ಕೆ ಸ್ಕ್ವಾಲ್ ಆಗುವುದಿಲ್ಲ.

ಓದಿದ್ದು ಹಡಗಿನ ಅನಿಮೋಮೀಟರೋ (ಗಾಳಿಯ ವೇಗ ಅಳೆಯುವ ಸಾಧನ), ಬಂದರಿನದೋ ಎಂದು ಸೇರಿಸಿ. ಹಡಗಿನ ಮಾಸ್ಟ್ (ಕಂಬ) ಮೇಲಿನದು ಎತ್ತರದಲ್ಲಿರುವುದರಿಂದ ಸಾಮಾನ್ಯವಾಗಿ ಹೆಚ್ಚು ತೋರಿಸುತ್ತದೆ. ಸೌತ್‌ವೆಸ್ಟರ್ಲಿ ಅಂದರೆ ನೈಋತ್ಯದಿಂದ ಬರುವ ಗಾಳಿ, ಅತ್ತ ಹೋಗುವುದಲ್ಲ.

ಸರಕು ಇಳಿಸುವುದು (ಡಿಸ್ಚಾರ್ಜ್) ಗಾಳಿಯಿಂದ ನಿಂತಾಗ ನಾನು ಒಪ್ಪುವ ಸಾಲು ಹೀಗಿರುತ್ತದೆ: ‘1420–1510, ಡಿಸ್ಚಾರ್ಜ್ ಸ್ಟಾಪ್ಡ್, ವಿಂಡ್ ಸೌತ್‌ವೆಸ್ಟರ್ಲಿ 25 ನಾಟ್ಸ್, ಗಸ್ಟಿಂಗ್ 34, ಫೋರ್ಸ್ 6, ಶಿಪ್ಸ್ ಅನಿಮೋಮೀಟರ್’.