ಹುಡುಗರ ಮೂತ್ರದ ತೊಂದರೆ, ಪ್ರಾಸ್ಟೇಟ್ ಭಯ: ಯೂರೋಫ್ಲೋ ಕೋಣೆಯಲ್ಲಿ ಕಲಿತದ್ದು

ಯೂರಾಲಜಿ ವಿಭಾಗದಲ್ಲಿ ಯೂರೋಫ್ಲೋ ಪರೀಕ್ಷೆ ಮಾಡುವುದು ನನ್ನ ಕೆಲಸ. ಮೂತ್ರದ ಧಾರೆ ಎಷ್ಟು ವೇಗವಾಗಿ ಬರುತ್ತದೆ, ಎಷ್ಟು ಹೊತ್ತು ಬರುತ್ತದೆ, ನಡುವೆ ನಿಲ್ಲುತ್ತದಾ ಅಂತ ಮಿಷಿನ್ ಅಳೆಯುತ್ತದೆ. ನಾನು ಗೋಡೆಯ ಈಚೆ ಕೂತು ಗ್ರಾಫ್ ನೋಡುತ್ತೇನೆ. ಇದು ವಯಸ್ಸಾದವರಿಗೆ ಮಾತ್ರ ಮಾಡುವ ಪರೀಕ್ಷೆ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಇಪ್ಪತ್ತು, ಮೂವತ್ತರ ಆಸುಪಾಸಿನವರೂ ತುಂಬಾ ಜನ ಬರುತ್ತಾರೆ. ಶುರುವಾಗೋಕೆ ಹೊತ್ತು ಹಿಡಿಯುತ್ತೆ, ಧಾರೆ ಸಣ್ಣ ಆಗಿದೆ, ಮುಗಿಸಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ಸುತ್ತೆ. ಇಷ್ಟು ಹೇಳಿ, ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: 'ಸರ್, ಪ್ರಾಸ್ಟೇಟ್ ಕ್ಯಾನ್ಸರ್ ಏನಾದ್ರೂ ಇರಬಹುದಾ?'

ಈ ಕೆಲಸ ಕಲಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಲವತ್ತರೊಳಗಿನ ಗಂಡಸಿಗೆ ಮೂತ್ರದ ತೊಂದರೆ ಇದ್ದರೆ, ಪ್ರಾಸ್ಟೇಟ್ ಗ್ರಂಥಿ ಎಷ್ಟು ದೊಡ್ಡದಿದೆ ಅನ್ನೋದಕ್ಕಿಂತ ಮುಂಚೆ ಅವನು ಮೂತ್ರ ಮಾಡುವುದು ಹೇಗೆ ಅನ್ನೋದನ್ನು ನೋಡಬೇಕು. ವಿಭಾಗಕ್ಕೆ ಹೊಸದಾಗಿ ಸೇರುವವರಿಗೂ ನಾನು ಹೇಳಿಕೊಡುವುದು ಇದನ್ನೇ.

ಪ್ರಾಸ್ಟೇಟ್ ಇರುವುದು ಮೂತ್ರಚೀಲದ ಕೆಳಗೆ. ಮೂತ್ರನಾಳ ಅದರ ನಡುವಿನಿಂದಲೇ ಹಾದು ಹೋಗುತ್ತದೆ. ಯುವಕರಲ್ಲಿ ಅದರ ತೂಕ ಸುಮಾರು 20 ಗ್ರಾಂ. ಅದು ಬೆಳೆದು ನಾಳವನ್ನು ಒತ್ತುವ ತೊಂದರೆ ಸಾಮಾನ್ಯವಾಗಿ ನಲವತ್ತು ದಾಟಿದ ಮೇಲಿನದು. ಐವತ್ತರಿಂದ ಅರವತ್ತರ ನಡುವೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಅದರ ಗುರುತು ಸಿಗುತ್ತದೆ. ಕ್ಯಾನ್ಸರ್ ಅಂತೂ ನಲವತ್ತರೊಳಗೆ ತೀರಾ ಅಪರೂಪ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಶುರುವಿನ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ಮೂತ್ರದ ತೊಂದರೆಯನ್ನೇ ಕೊಡುವುದಿಲ್ಲ. ಅದು ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹೊರಭಾಗದಲ್ಲಿ, ನಾಳದಿಂದ ದೂರ. ಹಾಗಾಗಿ ಇಪ್ಪತ್ತೈದರ ಹುಡುಗನ ಧಾರೆ ಸಣ್ಣ ಆದರೆ ಮೊದಲು ಹುಡುಕಬೇಕಾದ ಕಾರಣಗಳೇ ಬೇರೆ.

ಹುಡುಕುವುದಕ್ಕೂ ಮುಂಚೆ ಪರೀಕ್ಷೆ ಸರಿಯಾಗಿ ಆಗಬೇಕಲ್ವಾ? ಕೋಣೆಯಲ್ಲಿ ಒಂದು ಸ್ಟ್ಯಾಂಡ್, ಅದರ ಮೇಲೆ ಲಾಳಿಕೆ, ಕೆಳಗೆ ತೂಕ ಅಳೆಯುವ ಸೆನ್ಸರ್ ಮೇಲೆ ಒಂದು ಜಗ್ ಇರುತ್ತದೆ. ಜಗ್ಗಿನ ತೂಕ ಏರಿದ ಹಾಗೆ ಮಿಷಿನ್ ಗೆರೆ ಎಳೆಯುತ್ತದೆ. ಕಡಿಮೆ ಅಂದರೂ 150 ಎಂಎಲ್ ಮೂತ್ರ ಹೋಗದಿದ್ದರೆ ಆ ಗ್ರಾಫ್ ನಂಬುವ ಹಾಗಿಲ್ಲ. ಚೀಲ ಬಿರಿಯುವಷ್ಟು ತುಂಬಿಸಿಕೊಂಡು ಬಂದರೂ ಕಷ್ಟ, ಹಿಗ್ಗಿದ ಸ್ನಾಯು ಆಗ ಸರಿಯಾಗಿ ಹಿಂಡುವುದಿಲ್ಲ. ಇನ್ನು ಸಂಕೋಚ. ಹೊರಗೆ ಜನ ಕಾಯುತ್ತಿದ್ದಾರೆ, ಯಾರೋ ಬಾಗಿಲು ತಟ್ಟುತ್ತಾರೆ, ಒಳಗಿರುವವನಿಗೆ ಒಂದು ಹನಿಯೂ ಬರುವುದಿಲ್ಲ. ಕೆಲವರಿಗೆ ಈ ಸಂಕೋಚವೇ ದೊಡ್ಡ ತೊಂದರೆ. ಮನೆಯಲ್ಲಿ ಸಲೀಸಾಗಿ ಹೋಗುತ್ತದೆ, ಪಕ್ಕದಲ್ಲಿ ಇನ್ನೊಬ್ಬ ನಿಂತರೆ ಬಂದ್.

ಒಬ್ಬ ಹುಡುಗನ ಮೊದಲ ಗ್ರಾಫ್ ಕಣ್ಣಿಗೆ ಕಟ್ಟಿದ ಹಾಗಿದೆ. 80 ಎಂಎಲ್, ನಾಲ್ಕೈದು ತುಂಡು, ಎಲ್ಲಿಯೂ ವೇಗ ಸೆಕೆಂಡಿಗೆ 8 ಎಂಎಲ್ ದಾಟಿಲ್ಲ. ಕಾಗದ ಹಿಡಿದ ಅವನ ಕೈ ನಡುಗುತ್ತಿತ್ತು. 'ಇದನ್ನ ಲೆಕ್ಕಕ್ಕೆ ತಗೊಳ್ಳೋದು ಬೇಡ. ನೀರು ಕುಡಿದು ಆರಾಮಾಗಿ ಕೂತ್ಕೊಳ್ಳಿ, ಚೆನ್ನಾಗಿ ಬಂದಾಗ ಹೇಳಿ, ಕಾರಿಡಾರ್ ಖಾಲಿ ಮಾಡಿಸ್ತೀನಿ' ಅಂದೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಸಲ ಮಾಡಿಸಿದಾಗ 320 ಎಂಎಲ್, ಗರಿಷ್ಠ ವೇಗ ಸೆಕೆಂಡಿಗೆ 24 ಎಂಎಲ್. ಸೆಕೆಂಡಿಗೆ 15ಕ್ಕಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಯುವಕರಲ್ಲಿ 20 ದಾಟುವುದೇ ಹೆಚ್ಚು. ಆ ಮೊದಲ ಕಾಗದ ಹಾಗೇ ಫೈಲ್ ಸೇರಿದ್ದರೆ, ಅವನು ಇಲ್ಲದ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದ.

ಗ್ರಾಫಿನ ಆಕಾರಕ್ಕೂ ಬೆಲೆಯಿದೆ. ಆರೋಗ್ಯವಂತರದ್ದು ಗುಡ್ಡದ ಹಾಗೆ ನಯವಾಗಿ ಏರಿ ಇಳಿಯುತ್ತದೆ. ಗೆರೆ ಸ್ವಲ್ಪ ಏರಿ, ಅಲ್ಲೇ ಚಪ್ಪಟೆಯಾಗಿ ಬಹಳ ಹೊತ್ತು ಎಳೆದರೆ ಮೂತ್ರನಾಳ ಎಲ್ಲೋ ಕಿರಿದಾಗಿರುವ ಅನುಮಾನ ಬರುತ್ತದೆ. ಆಗ ನಾನು ಕೇಳುವ ಪ್ರಶ್ನೆ, ಚಿಕ್ಕಂದಿನಲ್ಲಿ ಸೈಕಲ್ ಕಂಬಿ ಮೇಲೋ ಗೋಡೆ ಮೇಲೋ ಕಾಲಗಲಿಸಿ ಬಿದ್ದಿದ್ದಿರಾ, ಯಾವಾಗಾದರೂ ಕ್ಯಾತಿಟರ್ (ಮೂತ್ರ ತೆಗೆಯುವ ಕೊಳವೆ) ಹಾಕಿದ್ದರಾ ಅಂತ. ಹಳೆಯ ಪೆಟ್ಟು ವರ್ಷಗಟ್ಟಲೆ ಸುಮ್ನಿದ್ದು, ಆಮೇಲೆ ಗಾಯದ ಗಂಟು ನಾಳವನ್ನು ಬಿಗಿಯುತ್ತದೆ. ಗೆರೆ ಗರಗಸದ ಹಲ್ಲಿನಂತೆ ಏರಿಳಿದರೆ, ಸಡಿಲ ಬಿಡಬೇಕಾದ ಹೊತ್ತಲ್ಲಿ ಸ್ನಾಯುಗಳನ್ನು ಬಿಗಿ ಹಿಡಿಯುತ್ತಿರಬಹುದು. ಹೊಟ್ಟೆ ಒತ್ತಿ ತಿಣುಕುವವರದ್ದು ತುಂಡು ತುಂಡಾಗಿ ಬರುತ್ತದೆ. ಮೂತ್ರಚೀಲದ ಕುತ್ತಿಗೆ ಸರಿಯಾಗಿ ತೆರೆಯದೇ ಇರುವ ತೊಂದರೆಯೂ ಯುವಕರಲ್ಲಿ ಇದೆ. ಅದನ್ನು ಎಷ್ಟೋ ವರ್ಷ ಪ್ರಾಸ್ಟೇಟ್ ಸೋಂಕು ಅಂತಲೇ ನೋಡಿಕೊಂಡು ಬಂದಿರುತ್ತಾರೆ. ಗ್ರಾಫ್ ಒಂದರಿಂದಲೇ ಇವು ಯಾವುದನ್ನೂ ತೀರ್ಮಾನ ಮಾಡುವುದಿಲ್ಲ. ಮುಗಿದ ಕೂಡಲೇ ಸ್ಕ್ಯಾನ್ ಮಾಡಿ ಎಷ್ಟು ಉಳಿದಿದೆ ನೋಡುತ್ತೇವೆ. 50 ಎಂಎಲ್ ಒಳಗಿದ್ದರೆ ಒಳ್ಳೆಯದು. ಬೇಕಾದರೆ ಡಾಕ್ಟರು ಯೂರೋಡೈನಮಿಕ್ಸ್, ಅಂದರೆ ಚೀಲದೊಳಗಿನ ಒತ್ತಡ ಅಳೆಯುವ ಪರೀಕ್ಷೆ ಬರೆಯುತ್ತಾರೆ.

ಮಿಷಿನ್ ಪಕ್ಕದಲ್ಲಿ ಕೆಲಸ ಮಾಡಿಯೂ ನಾನು ಅತಿ ಹೆಚ್ಚು ನಂಬುವುದು ಒಂದು ಹಾಳೆಯನ್ನು. ಮೂರು ದಿನದ ಮೂತ್ರದ ಡೈರಿ. ಎಷ್ಟು ಹೊತ್ತಿಗೆ ಹೋದಿರಿ, ಅಳತೆ ಜಗ್ಗಿನಲ್ಲಿ ಎಷ್ಟು ಎಂಎಲ್, ಏನು ಕುಡಿದಿರಿ, ಎಷ್ಟು ಕುಡಿದಿರಿ, ಅಷ್ಟೇ. 'ದಿನಕ್ಕೆ ಹದಿನೈದು ಸಲ ಹೋಗ್ತೀನಿ' ಅನ್ನುವ ಇಬ್ಬರ ಡೈರಿ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಕಥೆ ಇರುತ್ತದೆ. ಒಬ್ಬನದ್ದು ಪ್ರತಿ ಸಲ 90, 100 ಎಂಎಲ್. ಅವನ ಚೀಲ ತುಂಬುವ ಮೊದಲೇ ಅವಸರ ಮಾಡುತ್ತಿದೆ. ಇನ್ನೊಬ್ಬನದ್ದು ಪ್ರತಿ ಸಲ 300. ಒಟ್ಟು ನಾಲ್ಕೂವರೆ ಲೀಟರ್. ಅವನು ಅತಿಯಾಗಿ ನೀರು ಕುಡಿಯುತ್ತಿರಬೇಕು, ಇಲ್ಲ ಸಕ್ಕರೆ ಕಾಯಿಲೆ ಇರಬೇಕು. ಪ್ರಾಸ್ಟೇಟಿಗೂ ಅದಕ್ಕೂ ಸಂಬಂಧವಿಲ್ಲ.

ಮೂರನೇ ಥರದ ಡೈರಿ ನೋಡಿದರೆ ನನಗೆ ಸಂಕಟ ಆಗುತ್ತದೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಂದೊಂದು ಸಲಕ್ಕೂ 800 ಎಂಎಲ್. ಹೀಗೆ ತರುವವರು ಗಾಡಿ ಓಡಿಸುವವರು, ಡೆಲಿವರಿ ಮಾಡುವವರು, ಗೇಟಿನಲ್ಲಿ ನಿಲ್ಲುವವರು, ಸೀಟು ಬಿಟ್ಟು ಏಳಲು ಅನುಮತಿ ಕೇಳಬೇಕಾದವರು. ಟಾಯ್ಲೆಟ್ ಸಿಗುವುದಿಲ್ಲ ಅಂತ ನೀರನ್ನೇ ಕಡಿಮೆ ಕುಡಿಯುತ್ತಾರೆ, ಬಂದಿದ್ದನ್ನು ತಡೆಯುತ್ತಾರೆ. ವರ್ಷಗಟ್ಟಲೆ ತಡೆದರೆ ಚೀಲದ ಸ್ನಾಯು ಹಿಗ್ಗಿ ಬಲ ಕಳೆದುಕೊಳ್ಳಬಹುದು. ತಡೆಯೋದಕ್ಕೆ ಬಿಗಿ ಹಿಡಿದು ರೂಢಿಯಾದ ಸ್ನಾಯು, ಬಿಡು ಅಂದಾಗ ಬಿಡುವುದಿಲ್ಲ. ಇಂಥವರಿಗೆ ಮೂರು ನಾಲ್ಕು ಗಂಟೆಗೊಮ್ಮೆ ಹೋಗಿ ಅಂತ ಬರೆದುಕೊಡುವುದು ಸುಲಭ. ಹೋಗಲು ಬಿಡಬೇಕಾದವರು ಕೆಲಸ ಕೊಟ್ಟವರು. ಆ ಚೀಟಿಯನ್ನು ಮೇಲಧಿಕಾರಿಗೆ ತೋರಿಸಲು ನಾಚಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ.

ನೋವಿನ ವಿಚಾರಕ್ಕೆ ಬಂದರೆ, ಬೀಜದ ಹಿಂದೆ, ಗುದದ್ವಾರದ ಮುಂದೆ ಇರುವ ಜಾಗದಲ್ಲಿ ನೋವು, ಕಿಬ್ಬೊಟ್ಟೆ ಹಿಡಿದ ಹಾಗೆ, ಹೆಚ್ಚು ಹೊತ್ತು ಕೂತರೆ ಜಾಸ್ತಿ, ವೀರ್ಯ ಹೋಗುವಾಗ ನೋವು. ಇದನ್ನೆಲ್ಲ ಒಟ್ಟಿಗೆ ಪ್ರಾಸ್ಟಟೈಟಿಸ್ ಅನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮಾಡಿದ ವಿಂಗಡಣೆ 1999ರಲ್ಲಿ ಪ್ರಕಟವಾಯಿತು, ಅದರಲ್ಲಿ ನಾಲ್ಕು ಬಗೆ ಇವೆ. ಬ್ಯಾಕ್ಟೀರಿಯಾದಿಂದ ಬರುವ ಬಗೆಗಳು ಕಡಿಮೆ. ನೋವು ಅಂತ ಬರುವವರಲ್ಲಿ ಬಹುಪಾಲು ಮೂರನೇ ಬಗೆಯವರು. ಮೂರು ತಿಂಗಳಿಗಿಂತ ಹೆಚ್ಚು ಕಾಲ ನೋವಿರುತ್ತದೆ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿದರೆ ಏನೂ ಬೆಳೆಯುವುದಿಲ್ಲ. ಆದರೂ ಇವರ ಫೈಲಿನಲ್ಲಿ ಒಂದರ ಹಿಂದೆ ಒಂದು ಆ್ಯಂಟಿಬಯಾಟಿಕ್ ಕೋರ್ಸು. ಎಷ್ಟೋ ಸಲ ಒಂದು ಯೂರಿನ್ ಕಲ್ಚರ್ ಕೂಡ ಮಾಡಿಸಿರುವುದಿಲ್ಲ.

ಇವರಲ್ಲಿ ಬಹಳಷ್ಟು ಜನರಿಗೆ ಪೆಲ್ವಿಕ್ ಫ್ಲೋರ್, ಅಂದರೆ ಮೂತ್ರಚೀಲ ಮತ್ತು ಕರುಳನ್ನು ಕೆಳಗಿಂದ ಹೊತ್ತ ಸ್ನಾಯುಗಳು, ಸದಾ ಬಿಗಿಯಾಗಿರುತ್ತವೆ. ಆತಂಕ, ಮಲಬದ್ಧತೆ, ಗಂಟೆಗಟ್ಟಲೆ ಕೂರುವುದು, ಎಲ್ಲವೂ ಅದಕ್ಕೆ ನೀರೆರೆಯುತ್ತವೆ. ಈಚೆಗೆ ಇನ್ನೊಂದು ಸೇರಿದೆ. ವಿಡಿಯೋ ನೋಡಿ ಕೀಗಲ್ ವ್ಯಾಯಾಮ ಶುರು ಮಾಡಿ, 'ದಿನಾ ಮಾಡ್ತಿದೀನಿ ಸರ್, ಜಾಸ್ತಿನೇ ಆಗ್ತಿದೆ' ಅಂತ ಬರುತ್ತಾರೆ. ಕೀಗಲ್ ಇರುವುದು ಸಡಿಲವಾದ ಸ್ನಾಯು ಗಟ್ಟಿ ಮಾಡಲು. ಮೊದಲೇ ಬಿಗಿದದ್ದನ್ನು ಇನ್ನೂ ಬಿಗಿದರೆ ನೋವು ಏರದೆ ಇನ್ನೇನಾಗುತ್ತದೆ? ಇವರಿಗೆ ಬೇಕಾದದ್ದು ಉಲ್ಟಾ. ಹೊಟ್ಟೆ ಉಬ್ಬುವ ಹಾಗೆ ನಿಧಾನ ಉಸಿರು, ಕೆಳಭಾಗವನ್ನು ಸಡಿಲ ಬಿಡುವ ಅಭ್ಯಾಸ, ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್. ವಾರಗಳೇ ಹಿಡಿಯುತ್ತವೆ. ಆದರೆ ಗರಗಸದಂತಿದ್ದ ಗೆರೆ ನಯವಾಗಿ ಬಂದದ್ದನ್ನು ನಾನೇ ನೋಡಿದ್ದೇನೆ. ಮುಗಿದ ಮೇಲೆ ಬೀಳುವ ಹನಿಗಳಿಗೆ ಹೆದರುವವರಿಗೂ ಒಂದು ಮಾತು. ನಾಳದ ತಿರುವಿನಲ್ಲಿ ಉಳಿದ ಸ್ವಲ್ಪ ಮೂತ್ರ ಅದು. ಬೀಜದ ಹಿಂದೆ ಬೆರಳಿಟ್ಟು ಮೆಲ್ಲಗೆ ಮುಂದಕ್ಕೆ ಒತ್ತಿದರೆ ಬಂದುಬಿಡುತ್ತದೆ.

ಲೈಂಗಿಕ ಸೋಂಕಿನ ಪ್ರಶ್ನೆಯನ್ನು ಮಾತ್ರ ಜೊತೆಗೆ ಬಂದವರನ್ನು ಹೊರಗೆ ಕೂರಿಸಿಯೇ ಕೇಳಬೇಕು. ಅಮ್ಮನ ಮುಂದೆ ಯಾವ ಮಗನೂ ನಿಜ ಹೇಳಲ್ಲ. ಉರಿಮೂತ್ರ, ಕೀವು ಇದ್ದರೆ ಗೊನೋರಿಯಾ, ಕ್ಲಮಿಡಿಯಾ ನೋಡಬೇಕು. ಆ ಪರೀಕ್ಷೆಗೆ ಬೇಕಾದದ್ದು ಶುರುವಿನಲ್ಲಿ ಬರುವ ಮೂತ್ರ, ಕಲ್ಚರಿಗೆ ಕೊಡುವ ಮಧ್ಯದ ಧಾರೆಯದ್ದಲ್ಲ. ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ ಸೋಂಕು ಮತ್ತೆ ಬರುತ್ತದೆ.

ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನಕ್ಕೆ ಮಾಡಿಸುವ ರಕ್ತ ಪರೀಕ್ಷೆ) ರಿಪೋರ್ಟ್ ಹಿಡಿದು ಬರುವ ಹುಡುಗರನ್ನು ನೋಡಿದರೆ ಅಯ್ಯೋ ಅನ್ಸುತ್ತೆ. ತಮ್ಮಷ್ಟಕ್ಕೆ ತಾವೇ ಲ್ಯಾಬಿಗೆ ಹೋಗಿ ಮಾಡಿಸಿರುತ್ತಾರೆ. ಅಂಕಿ ಏರಿದ್ದರೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಪಿಎಸ್‌ಎ ಸೋಂಕಿದ್ದರೆ ಏರುತ್ತದೆ, ಕ್ಯಾತಿಟರ್ ಹಾಕಿದರೆ ಏರುತ್ತದೆ, ವೀರ್ಯ ಹೋದ ಮೇಲೆ ಎರಡು ದಿನದೊಳಗೆ ರಕ್ತ ಕೊಟ್ಟರೂ ಸ್ವಲ್ಪ ಏರಿರಬಹುದು. ಸೋಂಕು ವಾಸಿಯಾಗಿ ಆರರಿಂದ ಎಂಟು ವಾರ ಬಿಟ್ಟು ನೋಡಬೇಕಾದ ಅಂಕಿಯನ್ನು ಜ್ವರದ ನಡುವೆ ನೋಡಿ ಏನು ಪ್ರಯೋಜನ? ಹತ್ತಿರದ ರಕ್ತಸಂಬಂಧಿಗಳಿಗೆ ಚಿಕ್ಕ ವಯಸ್ಸಿನಲ್ಲೇ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ. ಅಂಥವರು ಯಾವ ವಯಸ್ಸಿಗೆ ಪರೀಕ್ಷೆ ಶುರು ಮಾಡಬೇಕು ಅಂತ ಡಾಕ್ಟರ ಹತ್ತಿರ ಕೂತು ತೀರ್ಮಾನಿಸಲಿ.

ಹಾಗಂತ ಎಲ್ಲವನ್ನೂ ಟೆನ್ಷನ್ ಅಂತ ತಳ್ಳಿಹಾಕುವ ಹಾಗಿಲ್ಲ. ಚಳಿಜ್ವರದ ಜೊತೆ ಮೂತ್ರಕ್ಕೆ ಕಷ್ಟವಾದರೆ ಅದು ಪ್ರಾಸ್ಟೇಟಿನ ತೀವ್ರ ಸೋಂಕು ಇರಬಹುದು, ಅದೇ ದಿನ ಆಸ್ಪತ್ರೆಗೆ ಬರಬೇಕು. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಮೂತ್ರದಲ್ಲಿ ರಕ್ತ ಕಂಡರೆ, ಬೀಜ ದಿಢೀರ್ ನೋವು ಬಂದು ಊದಿದರೆ ಕಾಯಬಾರದು. ಬೆನ್ನು ನೋವಿನ ಜೊತೆ ತೊಡೆಸಂದು ಮರಗಟ್ಟಿ, ಕಾಲಿನ ಬಲ ಕಡಿಮೆಯಾಗಿ, ಮೂತ್ರದ ಹಿಡಿತ ತಪ್ಪಿದರೆ ಅದು ನರದ ತುರ್ತು. ಅಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಪರೀಕ್ಷೆಗೆ ಬರುವಾಗ ಡೈರಿ ಜೊತೆ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ತನ್ನಿ. ನೆಗಡಿಗೆ ಅಂತ ತಗೊಳ್ಳುವ ಸ್ಯೂಡೋಎಫೆಡ್ರಿನ್, ಅಲರ್ಜಿಗೆ ತಗೊಳ್ಳುವ ಕೆಲವು ಹಳೆಯ ಮಾತ್ರೆಗಳು ಮೂತ್ರವನ್ನು ತಡೆಹಿಡಿಯುತ್ತವೆ. ಕೂದಲು ಉದುರುವುದಕ್ಕೆ ನುಂಗುವ ಫಿನಾಸ್ಟರೈಡ್ ಪಿಎಸ್‌ಎ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅದನ್ನು ಹೇಳದಿದ್ದರೆ ಡಾಕ್ಟರು ರಿಪೋರ್ಟನ್ನು ತಪ್ಪಾಗಿ ಓದುತ್ತಾರೆ. ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರ ಸಲೀಸಾಗಲು ಕೊಡುವ ಟ್ಯಾಮ್ಸುಲೋಸಿನ್ ಮಾತ್ರೆಯನ್ನು ಅಪ್ಪನ ಡಬ್ಬಿಯಿಂದ ನಾಲ್ಕು ದಿನ ನುಂಗಿ ನೋಡಿದ್ದರೆ ಅದನ್ನೂ ಹೇಳಿ. ಎದ್ದು ನಿಂತಾಗ ತಲೆ ಸುತ್ತುವುದು, ವೀರ್ಯ ಕಡಿಮೆ ಬರುವುದು ಆ ಮಾತ್ರೆಯಿಂದಲೂ ಆಗುತ್ತದೆ. ಅದನ್ನೇ ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಪರೀಕ್ಷೆಗೆ ಓಡುವವರನ್ನು ನಾವು ವಾರವಾರವೂ ನೋಡುತ್ತೇವೆ.