ಕಾಫಿ ಹುರಿಯುವ ಶೆಡ್: 14ನೇ ತಿಂಗಳು, ಬಟವಾಡೆಯ ವಿಷಯ

ಈ ತಿಂಗಳು 310 ಕೆಜಿ ಹುರಿದೆವು. ಹೋದ ತಿಂಗಳು 260 ಇತ್ತು. ಡ್ರಮ್ಮಿನ ಬೇರಿಂಗ್ ಬದಲಾಯಿಸಿದ್ದಾಯಿತು, ಹೊಗೆ ಪೈಪಿನೊಳಗೆ ಕಟ್ಟಿಕೊಂಡಿದ್ದ ಸಿಪ್ಪೆಯನ್ನೂ ಕೆರೆದು ತೆಗೆದೆವು. ಯಂತ್ರದ ಸುದ್ದಿ ಇಷ್ಟೇ. ಈ ಸಲ ಬರೆಯಬೇಕಾಗಿರುವುದು ಬಟವಾಡೆಯ, ಅಂದರೆ ಕೆಲಸದವರಿಗೆ ವಾರ ವಾರ ಕೊಡುವ ಕೂಲಿಯ ಬಗ್ಗೆ.

ನಮ್ಮಪ್ಪ ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ಶನಿವಾರ ಸಂಜೆ ಕಣದ ಪಕ್ಕ ಮೇಜು ಹಾಕಿ, ಒಬ್ಬೊಬ್ಬರ ಹೆಸರು ಕರೆದು ಅವರು ದುಡ್ಡು ಕೊಡುವುದನ್ನು ನೋಡುತ್ತಲೇ ನಾನು ಬೆಳೆದೆ. ಆ ದುಡ್ಡು ಮೇಜಿನ ಮೇಲೆ ಬರುವ ಮುಂಚೆ ಎಲ್ಲಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಈಗ ನಮ್ಮ ಶೆಡ್‌ನಲ್ಲಿ ಮೂವರಿದ್ದಾರೆ. ಹುರಿಯಲು ಒಬ್ಬ ಹುಡುಗ, ಬೀಜ ಆರಿಸಿ ಪ್ಯಾಕ್ ಮಾಡಲು ಇಬ್ಬರು ಅಕ್ಕಂದಿರು. ವಾರಕ್ಕೆ 10,500 ರೂಪಾಯಿ ಬಟವಾಡೆ. ಗುರುವಾರ ಬಂದರೆ ಸಾಕು, ತಲೆಯಲ್ಲಿ ಅದೊಂದೇ ಓಡುತ್ತಿರುತ್ತದೆ.

"ನಿನಗೇನಪ್ಪಾ, ಸ್ವಂತ ಬಿಸಿನೆಸ್" ಅನ್ನುವವರಿಗೆ ದುಡ್ಡು ಓಡಾಡುವ ದಾರಿ ಹೇಳಬೇಕು. ಬೀಜ ಕೊಳ್ಳುವುದು ನಗದಿಗೆ. ಬೆಳೆಗಾರರು ಕಾಯುವುದಿಲ್ಲ, ಅವರಿಗೂ ಬಟವಾಡೆ ಇರುತ್ತದಲ್ವಾ. 100 ಕೆಜಿ ಹುರಿದರೆ ಕೈಗೆ ಸಿಗುವುದು 83-85 ಕೆಜಿ, ಉಳಿದದ್ದು ಹೆಚ್ಚಾಗಿ ನೀರಿನಂಶ, ಸ್ವಲ್ಪ ಸಿಪ್ಪೆ. ಶುರುವಿನ ಮೂರು ತಿಂಗಳು ಈ ತೂಕದ ನಷ್ಟವನ್ನು ರೇಟಿಗೆ ಸೇರಿಸದೆ ಮಾರಿದ್ದೆ, ಅದು ಇನ್ನೂ ನೋಯುತ್ತದೆ. ಪುಡಿ ಕೊಟ್ಟ ಮೇಲೆ ಹೋಟೆಲಿನವರು ದುಡ್ಡು ಕೊಡುವುದು 60 ದಿನಕ್ಕೆ, ಕೆಲವೊಮ್ಮೆ 80. ಹೊರ ರಾಜ್ಯಕ್ಕೆ, ಚೆನ್ನೈಗೂ ಕಳಿಸಲು ಶುರು ಮಾಡಿದ್ದರಿಂದ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕಾಯಿತು. ಬಿಲ್ಲಿನ ದುಡ್ಡು ಬರಲಿ ಬಿಡಲಿ, ಮುಂದಿನ ತಿಂಗಳು 20ರೊಳಗೆ ತೆರಿಗೆ ಕಟ್ಟಬೇಕು. ಇನ್ನೂ ಕೈಗೆ ಬಾರದ ದುಡ್ಡಿಗೆ 5% ನಾನೇ ಮೊದಲು ಹಾಕಿರುತ್ತೇನೆ.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ಬಡ್ಡಿಯನ್ನೂ ಕೇಳಬಹುದು. ಸಣ್ಣ ಉದ್ದಿಮೆ ಅಂತ ಮಾಡಿಸುವ ಉದ್ಯಮ್ ನೋಂದಣಿಯೂ ನನ್ನ ಹತ್ತಿರ ಇದೆ. ಆದರೆ ತಡ ಮಾಡುವ ಗಿರಾಕಿಯೇ ನನ್ನ ಅರ್ಧ ಮಾಲು ಕೊಳ್ಳುವವರು. ದೂರು ಕೊಟ್ಟ ಮಾರನೇ ದಿನ ಆ ಅರ್ಧವನ್ನು ಯಾರಿಗೆ ಮಾರಲಿ?

ಎರಡನೇ ಶನಿವಾರ ಹೀಗಾಯಿತು. ಬೆಳಗ್ಗೆಯಿಂದ ಜೋರು ಮಳೆ. ಡ್ರಮ್ಮಿನಲ್ಲಿ 12 ಕೆಜಿ ಅರೇಬಿಕಾ, ಕಾವು 200 ಡಿಗ್ರಿ ಹತ್ತಿರ, ಬೀಜ ಚಟಪಟ ಅನ್ನಲು ಶುರುವಾಗಿತ್ತು, ಆಗ ಕರೆಂಟ್ ಹೋಯಿತು. ಗ್ಯಾಸ್ ಆರಿಸಿದರೂ ಕಬ್ಬಿಣದ ಕಾವಿಗೇ ಬೀಜ ಕರಿಯಾಗುತ್ತಾ ಹೋಗುತ್ತದೆ. ನಾನೂ ಹುಡುಗನೂ ಡ್ರಮ್ಮನ್ನು ಕೈಯಲ್ಲೇ ತಿರುಗಿಸಿ, ಬೀಜ ತಟ್ಟೆಗೆ ಸುರಿದು ಮೊರದಲ್ಲಿ ಬೀಸಿದೆವು. ಉಳಿಯಲಿಲ್ಲ. ಗಿರಾಕಿಯಿಂದ ಅವತ್ತೇ ಬರಬೇಕಿದ್ದ 58,000 ರೂಪಾಯಿಯೂ ಬರಲಿಲ್ಲ. ಖಾತೆಯಲ್ಲಿ ಇದ್ದದ್ದು 6,200.

ನಾನು ಯಾರಿಗೂ ಏನೂ ಹೇಳಲಿಲ್ಲ. ಆದರೂ ದೊಡ್ಡ ಅಕ್ಕ ಚೀಲ ಹೊಲಿಯುತ್ತಾ, "ದುಡ್ಡು ಬಂದಿಲ್ವಾ ಅಣ್ಣ? ಸೋಮವಾರ ಕೊಟ್ರೂ ಆಗುತ್ತೆ" ಅಂದರು. ಹೊರಗೆ ಹೋಗಿ ಮಳೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ಅವರ ಮನೆಯಲ್ಲಿ ಭಾನುವಾರ ಸಾಮಾನು ತರಬೇಕು, ಮಗಳಿಗೆ ಬಸ್ಸಿನ ದುಡ್ಡು ಬೇಕು. ಬಿಸಿನೆಸ್ ಮಾಡುವ ಆಸೆ ನನ್ನದು, ಅದರ ಭಾರ ಹೊರಲು ಅವರು ಯಾವತ್ತೂ ಒಪ್ಪಿಕೊಂಡಿರಲಿಲ್ಲ. ಕೊನೆಗೆ ಹೆಂಡತಿ ಚೀಟಿಗೆ ಕಟ್ಟಲು ಇಟ್ಟಿದ್ದ ದುಡ್ಡು ಕೊಟ್ಟಳು. ಅವತ್ತೇ ಬಟವಾಡೆ ಮಾಡಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. 2019ರ ಜುಲೈ ನೆನಪಾಯಿತು. ನಮ್ಮೂರ ಕಾಫಿಯನ್ನು ದೇಶಕ್ಕೆಲ್ಲ ಕುಡಿಸಿದ ಕೆಫೆ ಕಾಫಿ ಡೇ ಕಟ್ಟಿದ ಸಿದ್ಧಾರ್ಥ ಅವರು ತೀರಿಹೋದ ಸುದ್ದಿ ಬಂದಾಗ ಚಿಕ್ಕಮಗಳೂರಲ್ಲಿ ಯಾರ ಬಾಯಿಂದಲೂ ಮಾತು ಹೊರಡುತ್ತಿರಲಿಲ್ಲ. ಅವರಿಗೂ ನನಗೂ ಹೋಲಿಕೆಯೇ ಇಲ್ಲ. ಆದರೆ ಆಗ ಎಲ್ಲರೂ ಸಾಲ ಎಷ್ಟು ಅಂತಲೇ ಕೇಳುತ್ತಿದ್ದರು, ಅಷ್ಟನ್ನು ಒಬ್ಬ ಮನುಷ್ಯ ಹೇಗೆ ಹೊತ್ತಿದ್ದ ಅಂತ ನಾನೂ ಕೇಳಿರಲಿಲ್ಲ. ಬೆಳಗ್ಗೆ ಎದ್ದು ಲೆಕ್ಕದ ಪುಸ್ತಕ ತೆಗೆದು ಹೆಂಡತಿಗೂ ಅಪ್ಪನಿಗೂ ಪೂರ್ತಿ ತೋರಿಸಿದೆ. ಮೊದಲ ಸಲ.

ಅಪ್ಪ ಬೈಯಲಿಲ್ಲ. "ನಮ್ಮ ಸಾಹುಕಾರ್ರು ಬಟವಾಡೆ ದುಡ್ಡು ಶುಕ್ರವಾರವೇ ಬೇರೆ ಕಟ್ಟಿ ಇಡೋರು. ಡೀಸೆಲ್ ಖಾಲಿಯಾದ್ರೂ ಅದನ್ನ ಮುಟ್ಟುತ್ತಿರಲಿಲ್ಲ" ಅಂದರು. ನಾನು ಬಟವಾಡೆಗೆ ಅಂತಲೇ ಬೇರೆ ಖಾತೆ ತೆರೆದೆ. ನಾಲ್ಕು ವಾರದ ದುಡ್ಡು ಯಾವಾಗಲೂ ಅದರಲ್ಲಿ ಇರಬೇಕು ಅಂತ ಲೆಕ್ಕ. ಸದ್ಯಕ್ಕೆ ಎರಡು ವಾರದ್ದು ಸೇರಿದೆ. ಹೊಸ ಗಿರಾಕಿಗಳಿಗೆ ಅರ್ಧ ಮುಂಗಡ ಕೇಳಿದೆ. ಇಬ್ಬರು ಆಗಲ್ಲ ಅಂದರು, ಒಬ್ಬರು ಒಪ್ಪಿದರು, ತಿಂಗಳಿಗೆ 25 ಕೆಜಿ.

ಮುಂದಿನ ಕೆಲಸ: ಡ್ರಮ್ಮಿನ ಮೋಟಾರಿಗೂ ಬೀಜ ತಣ್ಣಗಾಗಿಸುವ ಫ್ಯಾನಿಗೂ ಸೇರಿಸಿ ಒಂದು ಇನ್ವರ್ಟರ್. ಮೂರು ಕಡೆ ರೇಟ್ ಕೇಳಿದ್ದೇನೆ. ಹೆಂಡತಿಯ ಚೀಟಿ ದುಡ್ಡು ವಾಪಸ್ ಕೊಟ್ಟ ಮೇಲೆ ಅದು.